ವಿಚರ್ ಸರಣಿ ಓದಲು ಹೊರಟವರಿಗೆ: ಎಲ್ಲಿಂದ ಶುರು, ಎಲ್ಲಿ ನಿಧಾನ

ವಿಚರ್ ಎಂಬ ಫ್ಯಾಂಟಸಿ ಪುಸ್ತಕಗಳ ಸರಣಿಯನ್ನು ನಾನು ತಪ್ಪು ಪುಸ್ತಕದಿಂದ ಶುರು ಮಾಡಿದೆ. ಹಳೆ ಪುಸ್ತಕದಂಗಡಿಯೊಂದರಲ್ಲಿ ‘ಬ್ಲಡ್ ಆಫ್ ಎಲ್ವ್ಸ್’ ಸಿಕ್ಕಿತ್ತು. ಸರಣಿಯ ಮೊದಲ ಕಾದಂಬರಿ ಅದೇ ಎಂದು ತಿಳಿದು ಮನೆಗೆ ತಂದೆ. ಬೆಟ್ಟದ ಮೇಲೊಂದು ಪಾಳು ಕೋಟೆ, ಅಲ್ಲಿ ಕತ್ತಿವರಸೆ ಕಲಿಯುವ ಒಬ್ಬ ಹುಡುಗಿ, ಅವಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುವ ಬಿಳಿಗೂದಲಿನ ಗಂಡಸು. ಬರವಣಿಗೆ ಚೆನ್ನಾಗಿಯೇ ಇತ್ತು. ಆದರೆ ಆ ಹುಡುಗಿ ಅವನಿಗೆ ಏನಾಗಬೇಕು, ಅವಳ ಮಾತೆತ್ತಿದರೆ ಅವನು ಯಾಕೆ ಮೆತ್ತಗಾಗುತ್ತಾನೆ ಎಂಬುದು ತಲೆಗೆ ಹತ್ತಲಿಲ್ಲ. ನೂರು ಪುಟ ದಾಟುವ ಹೊತ್ತಿಗೆ ಪುಸ್ತಕ ಕೆಳಗಿಟ್ಟೆ.

ಎರಡು ವರ್ಷ ಕಳೆದ ಮೇಲೆ ಅದಕ್ಕೂ ಹಿಂದಿನ ಎರಡು ಕಥಾಸಂಕಲನಗಳನ್ನು ಓದಿದೆ. ಎರಡನೆಯದರ ಕೊನೆಯ ಪುಟ ಮುಗಿದಾಗ ರಾತ್ರಿ ಒಂದೂವರೆ. ಎದ್ದು ಹೋಗಿ ಕಪಾಟಿನಿಂದ ‘ಬ್ಲಡ್ ಆಫ್ ಎಲ್ವ್ಸ್’ ತೆಗೆದು ಅಲ್ಲೇ ನಿಂತು ಓದತೊಡಗಿದೆ. ಅದೇ ಕೋಟೆ, ಅದೇ ಹುಡುಗಿ, ಆದರೆ ಈಗ ಪ್ರತಿ ಸಾಲೂ ಮನಸ್ಸಿಗೆ ನಾಟುತ್ತಿತ್ತು. ಹೊಸದಾಗಿ ಓದಲು ಹೊರಟವರು ನನ್ನ ಹಾಗೆ ಎರಡು ವರ್ಷ ಕಳೆದುಕೊಳ್ಳಬಾರದು ಎಂದು ಇದನ್ನು ಬರೆಯುತ್ತಿದ್ದೇನೆ. ಕಥೆಯ ಮುಖ್ಯ ಗುಟ್ಟುಗಳನ್ನು ಎಲ್ಲೂ ಬಿಟ್ಟುಕೊಟ್ಟಿಲ್ಲ, ಧೈರ್ಯವಾಗಿ ಓದಿ.

ಮೊದಲು: ಕೈಯಲ್ಲಿರುವುದು ಏನು ಎಂದು ತಿಳಿದುಕೊಳ್ಳಿ

ಲೇಖಕ ಆಂಜೆಯ್ ಸಾಪ್ಕೋವ್ಸ್ಕಿ, ಪೋಲೆಂಡಿನವರು. 1948ರಲ್ಲಿ ಅವರು ಹುಟ್ಟಿದ ಊರನ್ನು ನಾವು ಭೂಪಟದಲ್ಲಿ ‘ಲೋಡ್ಜ್’ ಎಂದು ಓದುತ್ತೇವೆ, ಅಲ್ಲಿಯವರ ಬಾಯಲ್ಲಿ ಅದು ‘ವುಚ್’. ಓದಿದ್ದು ಅರ್ಥಶಾಸ್ತ್ರ, ಮಾಡುತ್ತಿದ್ದದ್ದು ವಿದೇಶಿ ವ್ಯಾಪಾರದ ಕೆಲಸ. ‘ಫಾಂತಾಸ್ತಿಕಾ’ ಎಂಬ ಪತ್ರಿಕೆ ಸಣ್ಣಕಥಾ ಸ್ಪರ್ಧೆ ಏರ್ಪಡಿಸಿದಾಗ ಒಂದು ಕಥೆ ಕಳಿಸಿದರು. ಅದಕ್ಕೆ ಮೂರನೆಯ ಬಹುಮಾನ ಬಂತು, 1986ರ ಡಿಸೆಂಬರ್ ಸಂಚಿಕೆಯಲ್ಲಿ ಅಚ್ಚಾಯಿತು. ರಾಕ್ಷಸ ಜಂತುಗಳನ್ನು ಕೂಲಿಗೆ ಬೇಟೆಯಾಡುವ ಗೆರಾಲ್ಟ್ ಲೋಕಕ್ಕೆ ಕಾಣಿಸಿಕೊಂಡದ್ದು ಹೀಗೆ, ಸಣ್ಣಕಥೆಯಲ್ಲಿ. ಇದನ್ನು ಮರೆಯಬೇಡಿ. ಈ ಲೋಕ ಮೊದಲು ಕಟ್ಟಿಕೊಂಡದ್ದು ಬಿಡಿ ಕಥೆಗಳಾಗಿ, ಕಾದಂಬರಿಗಳು ಬಂದದ್ದು ಆಮೇಲೆ.

ಬೇಟೆಗಾರನಿಗೆ ಪೋಲಿಷ್ ಭಾಷೆಯಲ್ಲಿರುವ ಹೆಸರು ‘ವ್ಯೆಜ್‌ಮಿನ್’. ಮಾಟಗಾತಿ ಎಂಬ ಅರ್ಥದ ‘ವ್ಯೆಜ್‌ಮಾ’ ಪದಕ್ಕೆ ಪುಲ್ಲಿಂಗ ಮಾಡಿದಂತಿರುವ ಪದ. ಇಂಗ್ಲಿಷಿನಲ್ಲಿ ‘ವಿಚ್’ ಹೋಗಿ ‘ವಿಚರ್’ ಆದದ್ದೂ ಅದೇ ದಾರಿಯಲ್ಲಿ. ‘ವ್ಯೆಜ್‌ಮಾ’ ಎಂದರೆ ಮೂಲದಲ್ಲಿ ‘ತಿಳಿದವಳು’. ಅದರ ಧಾತು ನಮ್ಮ ವಿದ್ಯೆ, ವಿದ್ವಾಂಸ, ವೇದ ಎಂಬ ಪದಗಳ ಧಾತುವಿಗೆ ದೂರದ ನೆಂಟ. ಹಾಗಾಗಿ ಗೆರಾಲ್ಟ್‌ನನ್ನು ಮಾಟಗಾರ ಎಂದುಕೊಂಡು ಓದಬೇಡಿ. ಅವನು ಕಸುಬು ಬಲ್ಲವನು. ಮಗುವಾಗಿದ್ದಾಗಲೇ ಮನೆಯಿಂದ ಬೇರೆಯಾಗಿ, ವಿಷದ ಮೂಲಿಕೆಗಳನ್ನು ಕುಡಿಸಿಕೊಂಡು ಬದುಕುಳಿದು, ಬೆಕ್ಕಿನ ಕಣ್ಣು ಪಡೆದವನು. ಊರಿಗೆ ಅವನು ಬೇಕು, ಆದರೆ ಊರೊಳಗೆ ಬೇಡ.

ಎರಡನೆಯದು: ಕ್ರಮ

ಇಲ್ಲಿ ಎಡವಿದರೆ ಮುಂದೆಲ್ಲ ಎಡವಟ್ಟು. ಇಂಗ್ಲಿಷ್ ಅನುವಾದದಲ್ಲಿ ಓದುವವರು ಈ ಸಾಲಿನಲ್ಲಿ ಹೋಗಿ: ಮೊದಲು ‘ದ ಲಾಸ್ಟ್ ವಿಶ್’, ಆಮೇಲೆ ‘ಸೋರ್ಡ್ ಆಫ್ ಡೆಸ್ಟಿನಿ’. ಇವೆರಡು ಕಥಾಸಂಕಲನ. ನಂತರ ಐದು ಕಾದಂಬರಿ: ‘ಬ್ಲಡ್ ಆಫ್ ಎಲ್ವ್ಸ್’, ‘ಟೈಮ್ ಆಫ್ ಕಂಟೆಂಪ್ಟ್’, ‘ಬ್ಯಾಪ್ಟಿಸಂ ಆಫ್ ಫೈರ್’, ‘ದ ಟವರ್ ಆಫ್ ದ ಸ್ವಾಲೋ’, ‘ದ ಲೇಡಿ ಆಫ್ ದ ಲೇಕ್’. ಉಳಿದ ಎರಡು, ‘ಸೀಸನ್ ಆಫ್ ಸ್ಟಾರ್ಮ್ಸ್’ ಮತ್ತು ‘ಕ್ರಾಸ್‌ರೋಡ್ಸ್ ಆಫ್ ರೇವನ್ಸ್’, ಕೊನೆಗೆ.

ಇಷ್ಟು ಸರಳವಾದದ್ದರಲ್ಲಿ ಗೊಂದಲ ಹೇಗೆ ಬಂತು? ಪೋಲಿಷ್‌ನಲ್ಲಿ ‘ಸೋರ್ಡ್ ಆಫ್ ಡೆಸ್ಟಿನಿ’ 1992ರಲ್ಲಿ ಬಂದಿತ್ತು, ಕಾದಂಬರಿಗಳು 1994ರಿಂದ 1999ರವರೆಗೆ ಬಂದವು. ಇಂಗ್ಲಿಷಿನಲ್ಲಿ ಹಾಗಾಗಲಿಲ್ಲ. ‘ದ ಲಾಸ್ಟ್ ವಿಶ್’ 2007ರಲ್ಲಿ ಬಂತು, ಮರುವರ್ಷವೇ ನೇರವಾಗಿ ‘ಬ್ಲಡ್ ಆಫ್ ಎಲ್ವ್ಸ್’. ನಡುವಿನ ಸಂಕಲನ ಇಂಗ್ಲಿಷಿಗೆ ಬಂದದ್ದು 2015ರಲ್ಲಿ, ಅದೂ ಮೂರು ಕಾದಂಬರಿ ಆದಮೇಲೆ. ಏಳು ವರ್ಷ ಇಂಗ್ಲಿಷ್ ಓದುಗರು ಮಧ್ಯದ ಮೆಟ್ಟಿಲೇ ಇಲ್ಲದ ಏಣಿ ಹತ್ತಿದರು. ಆ ಕಾಲದಲ್ಲಿ ಓದಿದವರ ಸಲಹೆ ಈಗಲೂ ಚಾಲ್ತಿಯಲ್ಲಿದೆ: ‘ಎರಡನೆಯ ಸಂಕಲನ ಬಿಟ್ಟರೂ ನಡೆಯುತ್ತದೆ.’ ನಡೆಯುವುದಿಲ್ಲ. ಒಂದೇ ಪುಸ್ತಕ ಓದುವಷ್ಟು ಪುರುಸೊತ್ತು ಇದೆ ಎಂದರೂ ನಾನು ಆ ಎರಡನೆಯದನ್ನೇ ಕೈಗಿಡುತ್ತೇನೆ.

ಮೂರನೆಯದು: ‘ದ ಲಾಸ್ಟ್ ವಿಶ್’, ರಾತ್ರಿಗೊಂದು ಕಥೆ

ಇದರಲ್ಲಿ ಆರು ಕಥೆಗಳಿವೆ. ಅವುಗಳ ನಡುನಡುವೆ ‘ದ ವಾಯ್ಸ್ ಆಫ್ ರೀಸನ್’ ಎಂಬ ಏಳನೆಯ ಕಥೆ ತುಂಡುತುಂಡಾಗಿ ಬರುತ್ತದೆ. ಗಾಯಗೊಂಡ ಗೆರಾಲ್ಟ್ ಒಂದು ದೇವಸ್ಥಾನದಲ್ಲಿ ಸುಧಾರಿಸಿಕೊಳ್ಳುತ್ತಿರುವುದು ‘ಈಗ’, ಮಿಕ್ಕ ಕಥೆಗಳು ‘ಆಗ’. ಇದೊಂದು ಗೊತ್ತಿದ್ದರೆ ಕಾಲದ ಗಲಿಬಿಲಿ ಆಗುವುದಿಲ್ಲ. ಒಂದು ತುಂಡು, ಒಂದು ಕಥೆ, ಅವತ್ತಿಗೆ ಸಾಕು.

ಮೊದಲ ಕಥೆಯ ಶುರುವನ್ನು ನಿಧಾನವಾಗಿ ಓದಿ. ಉತ್ತರದ ಕಡೆಯಿಂದ ಒಬ್ಬ ಅಪರಿಚಿತ ಲಗಾಮು ಹಿಡಿದು ಕುದುರೆ ನಡೆಸಿಕೊಂಡು ಊರೊಳಗೆ ಬರುತ್ತಾನೆ. ಇಳಿಹೊತ್ತು, ಹಗ್ಗ ಮತ್ತು ಜೀನು ಮಾರುವವರ ಅಂಗಡಿಗಳು ಮುಚ್ಚಿವೆ. ಸೆಕೆಯಿದ್ದರೂ ಹೆಗಲ ಮೇಲೆ ಕಪ್ಪು ಕೋಟು. ಜನ ಗಿಜಿಗುಡುವ ದೊಡ್ಡ ಹೆಂಡದಂಗಡಿಯ ಮುಂದೆ ಒಂದು ಗಳಿಗೆ ನಿಂತು, ಒಳಗಿನ ಸದ್ದು ಕೇಳಿಸಿಕೊಂಡು, ಮುಂದಕ್ಕೆ ಹೋಗುತ್ತಾನೆ. ಅಷ್ಟೇನೂ ಒಳ್ಳೆಯ ಹೆಸರಿಲ್ಲದ, ಹೆಚ್ಚುಕಡಿಮೆ ಖಾಲಿಯಿರುವ ಸಣ್ಣ ಅಂಗಡಿಗೆ ನುಗ್ಗುತ್ತಾನೆ. ಉಪ್ಪಿನಲ್ಲಿ ಹಾಕಿದ ಸೌತೆಕಾಯಿಯ ಪೀಪಾಯಿಯ ಮೇಲಿಂದ ಮಾಲೀಕ ತಲೆಯೆತ್ತಿ ನೋಡುತ್ತಾನೆ. ಈ ವಿವರಗಳಲ್ಲಿ ಇಡೀ ಮನುಷ್ಯನಿದ್ದಾನೆ. ಗದ್ದಲದಿಂದ ದೂರ ಉಳಿಯಲು ನೋಡುವವನು, ಕುಳಿತಲ್ಲಿಗೇ ಗದ್ದಲ ಹುಡುಕಿಕೊಂಡು ಬರುವಂಥವನು. ಮುಂದಿನ ಅಷ್ಟೂ ಪುಸ್ತಕಗಳಲ್ಲಿ ಅವನ ಪಾಡು ಇದೇ.

ಆಮೇಲಿನ ಕಥೆಗಳಲ್ಲಿ ಯುರೋಪಿನ ಅಜ್ಜಿಕಥೆಗಳ ಗುರುತು ಹಿಡಿಯುತ್ತ ಹೋಗಿ. ‘ಎ ಗ್ರೇನ್ ಆಫ್ ಟ್ರೂತ್’ನಲ್ಲಿ ಸುಂದರಿ ಮತ್ತು ಮೃಗದ ಕಥೆ ತಿರುವುಮುರುವಾಗಿದೆ. ‘ದ ಲೆಸ್ಸರ್ ಈವಿಲ್’ನಲ್ಲಿ ಹಿಮಬಿಳುಪಿನ ರಾಜಕುಮಾರಿ ಮತ್ತು ಅವಳ ಏಳು ಕುಳ್ಳರ ನೆರಳಿದೆ, ಆದರೆ ಇಲ್ಲಿ ಅವಳ ಕೈಯಲ್ಲಿ ಕತ್ತಿ. ನನಗೆ ತುಂಬ ಹತ್ತಿರವಾದದ್ದು ಮಾತ್ರ ‘ದ ಎಡ್ಜ್ ಆಫ್ ದ ವರ್ಲ್ಡ್’ನ ಹಳ್ಳಿ. ಆ ಹಳ್ಳಿಯವರ ಹತ್ತಿರ ಒಂದು ಹಳೆಯ ಪುಸ್ತಕವಿದೆ, ಓದಲು ಯಾರಿಗೂ ಬಾರದು. ಊರಿನ ಅಜ್ಜಿಗೆ ಅದೆಲ್ಲ ಬಾಯಿಪಾಠ. ಹೊಲ ಹಾಳುಮಾಡುವ ‘ದೆವ್ವ’ವನ್ನು ಓಡಿಸಲು ಕಾಯಿಬೀಜದ ಜೊತೆ ಕಬ್ಬಿಣದ ಗುಂಡು ಕೊಡಿ ಎಂದು ಪುಸ್ತಕ ಹೇಳಿದೆಯಂತೆ. ಕೊಟ್ಟರು. ಅದು ಆ ಗುಂಡುಗಳಿಂದಲೇ ಅವರಿಗೆ ಹೊಡೆಯತೊಡಗಿತು. ಬಾಯಿಂದ ಬಾಯಿಗೆ ಬಂದ ವಿದ್ಯೆಯನ್ನು ಕಂಡು ಬೆಳೆದ ನಮಗೆ ಆ ಅಜ್ಜಿ ಹೊಸಬಳಲ್ಲ.

‘ಎ ಕ್ವೆಶ್ಚನ್ ಆಫ್ ಪ್ರೈಸ್’ ಕಥೆಯನ್ನು ಮಾತ್ರ ಹಾರಿಸಲೇಬೇಡಿ. ಅರಮನೆಯ ಔತಣ, ಮಾತಿನ ಮೇಲೆ ಮಾತು, ಸ್ವಲ್ಪ ಎಳೆದಂತೆ ಅನ್ನಿಸಬಹುದು. ಇಡೀ ಸರಣಿಯ ಬೀಜ ಬೀಳುವುದು ಅಲ್ಲೇ. ಪ್ರಾಣ ಉಳಿಸಿದವನು ‘ನಿನಗೆ ಗೊತ್ತಿಲ್ಲದೆ ನಿನ್ನ ಮನೆಯಲ್ಲಿ ಏನಿದೆಯೋ ಅದನ್ನು ಕೊಡು’ ಎಂದು ಕೇಳುವ ಪದ್ಧತಿಯೊಂದು ಅಲ್ಲಿ ಬರುತ್ತದೆ. ಮನೆಗೆ ಹೋಗಿ ನೋಡಿದರೆ ಹೆಂಡತಿ ಬಸುರಿ. ಹುಟ್ಟುವ ಮಗನನ್ನೇ ಕೊಡುತ್ತೇನೆಂದು ವರುಣನಿಗೆ ಮಾತು ಕೊಟ್ಟು ಒದ್ದಾಡಿದ ಹರಿಶ್ಚಂದ್ರನ ಕಥೆ ಕೇಳಿದವರಿಗೆ, ಇನ್ನೂ ಹುಟ್ಟದ ಕೂಸಿನ ಮೇಲೆ ಬೀಳುವ ಮಾತಿನ ಭಾರ ಎಷ್ಟೆಂದು ಬಿಡಿಸಿ ಹೇಳಬೇಕಿಲ್ಲ.

ನಾಲ್ಕನೆಯದು: ‘ಸೋರ್ಡ್ ಆಫ್ ಡೆಸ್ಟಿನಿ’, ಅವಸರ ಬೇಡ

ಇಲ್ಲೂ ಆರು ಕಥೆ. ಮೊದಲನೆಯದು ಡ್ರ್ಯಾಗನ್ ಬೇಟೆಗೆ ಹೊರಟ ದೊಡ್ಡ ಗುಂಪಿನದು, ಓಡಿಸಿಕೊಂಡು ಹೋಗುತ್ತದೆ. ಎರಡನೆಯದು ‘ಎ ಶಾರ್ಡ್ ಆಫ್ ಐಸ್’, ಗೆರಾಲ್ಟ್ ಮತ್ತು ಮಂತ್ರವಾದಿನಿ ಯೆನ್ನೆಫರ್ ನಡುವಿನ ಬಿರುಕಿನ ಕಥೆ. ಬೇಟೆ ನೆಪಕ್ಕಷ್ಟೇ ಉಂಟು. ಕತ್ತಿಯ ಕಾಳಗಕ್ಕಾಗಿ ಬಂದವರು ಇಲ್ಲಿ ಪುಟ ಮಗುಚುತ್ತಾರೆ. ಹಾಗೆ ಮಾಡಬೇಡಿ. ‘ವಿಚರ್‌ಗಳಿಗೆ ಭಾವನೆಯೇ ಇಲ್ಲ’ ಎಂದು ಊರವರೆಲ್ಲ ಹೇಳುವ ಮಾತನ್ನು ಗೆರಾಲ್ಟ್ ತಾನೂ ನಂಬಿಕೊಂಡು ಹೇಗೆ ಬೇಯುತ್ತಾನೆ ಎಂಬುದು ಈ ಕಥೆಯಲ್ಲಿ ಕಾಣುವಷ್ಟು ಬೇರೆಲ್ಲೂ ಕಾಣುವುದಿಲ್ಲ.

ಐದನೆಯ ಕಥೆಯಲ್ಲಿ ಬ್ರೊಕಿಲೊನ್ ಎಂಬ ಕಾಡು. ಅಲ್ಲಿ ಗೆರಾಲ್ಟ್‌ಗೆ ಒಬ್ಬ ಪುಟ್ಟ ಹುಡುಗಿ ಸಿಗುತ್ತಾಳೆ. ಬಾಯಿಬಡುಕಿ, ಹಟಮಾರಿ, ರಾಜಮನೆತನದವಳು. ಸಿರಿಲ್ಲಾ, ಚಿಕ್ಕದಾಗಿ ಸಿರಿ. ಪೋಲಿಷ್ ಬಾಯಲ್ಲಿ ಇದು ‘ಚಿರಿ’, ಇಂಗ್ಲಿಷಿನ ದಾರಿಯಾಗಿ ನಮಗೆ ತಲುಪುವಾಗ ‘ಸಿರಿ’. ನಮ್ಮಲ್ಲಿ ಸಿರಿ ಎಂದರೆ ಸಂಪತ್ತು, ತುಳುನಾಡಿನಲ್ಲಿ ಪಾಡ್ದನದ ಹೆಣ್ಣು ಸಿರಿ. ಯಾವ ಸಂಬಂಧವೂ ಇಲ್ಲದ ಕಾಕತಾಳೀಯ, ಆದರೆ ಈ ಹೆಸರನ್ನು ಕನ್ನಡದ ಕಿವಿಯಲ್ಲಿ ಕೇಳಿಸಿಕೊಂಡು ಓದಿದರೆ ಆಗುವ ಹಿತ ಪೋಲೆಂಡಿನ ಓದುಗನಿಗೂ ಸಿಕ್ಕಿರಲಿಕ್ಕಿಲ್ಲ.

ಕೊನೆಯ ಕಥೆ ‘ಸಮ್‌ಥಿಂಗ್ ಮೋರ್’. ಯುರ್ಗಾ ಎಂಬ ವ್ಯಾಪಾರಿಯ ಬಂಡಿಯ ಚಕ್ರ ಸೇತುವೆಯ ಹಲಗೆಗಳ ನಡುವೆ ಸಿಕ್ಕಿಹಾಕಿಕೊಂಡಿದೆ, ಜೊತೆಗಿದ್ದವರು ಓಡಿಹೋಗಿದ್ದಾರೆ, ಕತ್ತಲಾಗುತ್ತಿದೆ. ಕಥೆ ಅಲ್ಲಿಂದ ಶುರುವಾಗುತ್ತದೆ. ಇದನ್ನು ಬಸ್ಸಿನಲ್ಲಿ ಓದಬೇಡಿ, ಊಟದ ನಡುವಿನ ಹತ್ತು ನಿಮಿಷದಲ್ಲಿ ಓದಬೇಡಿ. ಒಂದು ಸಂಜೆ ಬಿಡುವು ಮಾಡಿಕೊಂಡು ಒಂದೇ ಉಸಿರಿಗೆ ಓದಿ ಮುಗಿಸಿ. ಮುಂದಿನ ಐದು ಕಾದಂಬರಿಗಳಲ್ಲಿ ಗೆರಾಲ್ಟ್ ಪಡುವ ಪಾಡಿಗೆಲ್ಲ ಕಾರಣ ಈ ಕಥೆಯ ಕೊನೆಯಲ್ಲಿದೆ.

ಐದನೆಯದು: ಒಂದು ನೋಟ್‌ಬುಕ್

ಕಾದಂಬರಿಗಳಿಗೆ ಕಾಲಿಡುವ ಮೊದಲು ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ರಾಜರು, ಮಂತ್ರವಾದಿನಿಯರು, ಗೂಢಚಾರರು ಒಟ್ಟೊಟ್ಟಿಗೆ ಮೇಲೆ ಬೀಳುತ್ತಾರೆ. ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಬರೆಯಿರಿ. ನಿಮ್ಮ ಬಾಯಲ್ಲಿ ಅದು ಹೇಗೆ ಬರುತ್ತದೋ ಹಾಗೆ, ಸರಿತಪ್ಪು ನೋಡಬೇಡಿ. ಇಂಗ್ಲಿಷ್ ಅಕ್ಷರಗಳಲ್ಲಿ ಕಣ್ಣಿಗಷ್ಟೇ ಪರಿಚಯವಾದ ಹೆಸರು ಮರುದಿನಕ್ಕೆ ಮರೆತುಹೋಗುತ್ತದೆ. ‘ಫಿಲಿಪ್ಪಾ: ರೆಡಾನಿಯಾ, ಗೂಬೆ’ ಎಂದು ಬರೆದಿಟ್ಟರೆ ಮೂರು ಪುಸ್ತಕ ಕಳೆದರೂ ನೆನಪಿರುತ್ತದೆ.

ನಾನು ಓದಿದ ಪ್ರತಿಗಳಲ್ಲಿ ನಕ್ಷೆ ಇರಲಿಲ್ಲ. ನೀವೇ ಒಂದು ಗೀಚಿಕೊಳ್ಳಿ, ಹೀಗೆ: ಪುಟದ ಎಡಕ್ಕೆ ಸಮುದ್ರ, ಅದರಲ್ಲಿ ಸ್ಕೆಲ್ಲಿಗೆ ದ್ವೀಪಗಳು. ಪುಟದ ನಡುವೆ ಅಡ್ಡವಾಗಿ ಯರುಗಾ ನದಿ. ಅದರ ಮೇಲ್ಗಡೆ ಉತ್ತರದ ರಾಜ್ಯಗಳು: ಟೆಮೇರಿಯಾ, ಅದರಾಚೆ ರೆಡಾನಿಯಾ, ಬಲಕ್ಕೆ ಏಡಿರ್ನ್, ಇನ್ನೂ ಮೇಲೆ ಕೇಡ್ವೆನ್. ಬಲತುದಿಯ ಬೆಟ್ಟಗಳಲ್ಲಿ ವಿಚರ್‌ಗಳ ಕೋಟೆ ಕೇರ್ ಮೊರ್ಹೆನ್. ನದಿಯ ಕೆಳಗಡೆ ಸಮುದ್ರದ ಹತ್ತಿರ ಸಿಂಟ್ರಾ. ಅದಕ್ಕೂ ಕೆಳಗೆ, ತುಂಬ ಕೆಳಗೆ, ನಿಲ್ಫ್‌ಗಾರ್ಡ್ ಸಾಮ್ರಾಜ್ಯ. ಯಾರು ಯರುಗಾ ದಾಟಿದರು ಎಂಬುದೊಂದು ತಿಳಿದರೆ ಯುದ್ಧದ ಅರ್ಧ ರಾಜಕೀಯ ಅರ್ಥವಾದಂತೆ.

ಎಲ್ಫ್‌ಗಳ, ಅಂದರೆ ಈ ಲೋಕದಲ್ಲಿ ಮನುಷ್ಯರ ಜೊತೆಗಿರುವ ಇನ್ನೊಂದು ಜನಾಂಗದ, ಹಳೆನುಡಿಯ ಸಾಲುಗಳು ಬಂದಾಗ ಅರ್ಥಕ್ಕಾಗಿ ಪರದಾಡಬೇಡಿ. ವೆಲ್ಷ್, ಐರಿಷ್ ಮೊದಲಾದ ಭಾಷೆಗಳ ಚೂರುಗಳಿಂದ ಲೇಖಕರು ಕಟ್ಟಿದ ನುಡಿ ಅದು. ಬೇಕಾದ ಕಡೆ ಅರ್ಥವನ್ನು ಪಾತ್ರಗಳೇ ಹೇಳುತ್ತವೆ. ಜಂತುಗಳ ಹೆಸರಿಗೂ ಇದೇ ಮಾತು. ಸ್ಟ್ರಿಗಾ, ಕಿಕಿಮೋರಾ, ಬ್ರುಕ್ಸಾ ಎಂದರೆ ಏನು ಎಂದು ಓದು ನಿಲ್ಲಿಸಿ ಮೊಬೈಲ್ ತೆಗೆದರೆ ಪರದೆಯ ಮೇಲೆ ಈ ಸರಣಿಯಿಂದ ಹುಟ್ಟಿದ ವಿಡಿಯೋ ಗೇಮಿನ ಚಿತ್ರ ಬರುತ್ತದೆ, ನಿಮ್ಮ ಮನಸ್ಸಿನ ಚಿತ್ರ ಅಳಿಸಿಹೋಗುತ್ತದೆ.

ಆರನೆಯದು: ಐದು ಕಾದಂಬರಿಗಳ ನಡಿಗೆ

ಐದನ್ನೂ ಒಂದೇ ಕಾದಂಬರಿಯ ಐದು ಭಾಗಗಳೆಂದು ತಿಳಿಯಿರಿ. ‘ಬ್ಲಡ್ ಆಫ್ ಎಲ್ವ್ಸ್’ನಲ್ಲಿ ದೊಡ್ಡದೇನೂ ಆಗುವುದಿಲ್ಲ ಎಂದು ಹಲವರು ಗೊಣಗುತ್ತಾರೆ. ಒಂದು ಹುಡುಗಿಯನ್ನು ಒಂದಿಷ್ಟು ಜನ ಸಾಕುವ ಕಥೆ ಅದು. ಕೋಟೆಯ ಗಂಡಸರಿಗೆ ಕತ್ತಿ ಹಿಡಿಸಲು ಗೊತ್ತು, ಬೆಳೆಯುತ್ತಿರುವ ಹುಡುಗಿಯ ಮೈಮನಸ್ಸಿನ ಬಗ್ಗೆ ಏನೂ ಗೊತ್ತಿಲ್ಲ. ಟ್ರಿಸ್ ಎಂಬ ಮಂತ್ರವಾದಿನಿ ಬಂದು ಅವರನ್ನು ತರಾಟೆಗೆ ತೆಗೆದುಕೊಳ್ಳುವ ಭಾಗ ನನಗೆ ಯಾವ ಕಾಳಗಕ್ಕಿಂತ ಹೆಚ್ಚು ಇಷ್ಟ. ಆ ಶಾಂತಿಯನ್ನು ಮನಸಾರೆ ಅನುಭವಿಸಿ. ‘ಟೈಮ್ ಆಫ್ ಕಂಟೆಂಪ್ಟ್’ನ ನಡುವೆ ಥಾನೆಡ್ ದ್ವೀಪದಲ್ಲಿ ಒಂದು ರಾತ್ರಿ ಎಲ್ಲವೂ ಒಡೆಯುತ್ತದೆ, ಆಮೇಲೆ ಆ ಶಾಂತಿ ಮತ್ತೆ ಸಿಗುವುದಿಲ್ಲ. ಆ ಔತಣದ ರಾತ್ರಿ ಯಾರು ಯಾರ ಪಕ್ಷ ಎಂದು ತಿಳಿಯದಿದ್ದರೆ ಗಾಬರಿ ಬೇಡ. ಗೆರಾಲ್ಟ್‌ಗೂ ತಿಳಿದಿರುವುದಿಲ್ಲ.

‘ಬ್ಯಾಪ್ಟಿಸಂ ಆಫ್ ಫೈರ್’ ಸರಾಗ. ಗಾಯಗೊಂಡ ಗೆರಾಲ್ಟ್ ಒಬ್ಬನೇ ಹೊರಡಬೇಕೆಂದಿರುತ್ತಾನೆ, ಒಬ್ಬೊಬ್ಬರಾಗಿ ಜೊತೆಗಾರರು ಅಂಟಿಕೊಳ್ಳುತ್ತಾರೆ. ಬೆಂಕಿಯ ಸುತ್ತ ಕುಳಿತು ಮೀನಿನ ಸಾರು ಮಾಡುವ ಭಾಗ ಬಂದಾಗ ಅದನ್ನು ಎರಡು ಸಲ ಓದಿ.

‘ದ ಟವರ್ ಆಫ್ ದ ಸ್ವಾಲೋ’ದಲ್ಲಿ ಬಹಳ ಜನ ನಿಲ್ಲಿಸಿಬಿಡುತ್ತಾರೆ. ಕಥೆ ಇಲ್ಲಿ ನೆಟ್ಟಗೆ ಹೋಗುವುದಿಲ್ಲ. ಜೌಗು ನೆಲದ ಗುಡಿಸಲಲ್ಲಿ ಒಬ್ಬ ಮುದುಕನಿಗೆ ಸಿರಿ ನಡೆದದ್ದನ್ನು ಹೇಳುತ್ತಿರುತ್ತಾಳೆ, ಅದೇ ಘಟನೆಯನ್ನು ಇನ್ನೆಲ್ಲೋ ಇನ್ನೊಬ್ಬರು ಮುಂದುವರಿಸುತ್ತಾರೆ. ಹಾಳೆಯ ಅಂಚಿನಲ್ಲಿ ಪೆನ್ಸಿಲ್‌ನಿಂದ ‘ಗುಡಿಸಲು’, ‘ಹಿಂದೆ’ ಎಂದು ಗುರುತು ಹಾಕುತ್ತ ಹೋದರೆ ದಾರಿ ತಪ್ಪುವುದಿಲ್ಲ. ಇನ್ನೊಂದು ಮಾತು: ಇಲ್ಲಿಂದ ಮುಂದೆ ಹಿಂಸೆ ಬಹಳ, ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯವೂ ಇದೆ. ಹೈಸ್ಕೂಲು ಮಕ್ಕಳ ಕೈಗೆ ಕೊಡುವವರು ಮೊದಲು ತಾವು ಓದಬೇಕು.

‘ದ ಲೇಡಿ ಆಫ್ ದ ಲೇಕ್’ನಲ್ಲಿ ಬ್ರೆನ್ನಾ ಎಂಬಲ್ಲಿ ದೊಡ್ಡ ಯುದ್ಧ ನಡೆಯುತ್ತದೆ. ಬಹುತೇಕ ಫ್ಯಾಂಟಸಿಗಳಲ್ಲಿ ಇಂಥ ಯುದ್ಧವನ್ನು ನಾವು ಗುಡ್ಡದ ಮೇಲೆ ನಿಂತ ಸೇನಾಪತಿಯ ಕಣ್ಣಲ್ಲಿ ನೋಡುತ್ತೇವೆ. ಇಲ್ಲಿ ಸೇನಾಪತಿಯೂ ಇದ್ದಾನೆ, ಈಟಿ ಹಿಡಿದು ನಡುಗುವ ಕಾಲಾಳೂ ಇದ್ದಾನೆ, ಆದರೆ ಮನಸ್ಸಿನಲ್ಲಿ ಉಳಿಯುವುದು ಗಾಯಾಳುಗಳ ಗುಡಾರ. ರಸ್ಟಿ ಎಂಬ ಕುಳ್ಳ ವೈದ್ಯ, ಅವನ ಜೊತೆ ಶಾನಿ ಮತ್ತು ಇನ್ನಿಬ್ಬರು ಹೆಂಗಸರು. ಹೊರಗೆ ಯಾರು ಗೆಲ್ಲುತ್ತಿದ್ದಾರೆ ಎಂದು ಅವರಿಗೆ ತಿಳಿಯದು, ಮೇಜಿನ ಮೇಲೆ ಒಬ್ಬನನ್ನು ಇಳಿಸಿದರೆ ಇನ್ನೊಬ್ಬ. ಯುದ್ಧ ಎಂದರೇನು ಎಂದು ಈ ಗುಡಾರದಷ್ಟು ಹತ್ತಿರದಿಂದ ತೋರಿಸಿದ ಫ್ಯಾಂಟಸಿಯನ್ನು ನಾನು ಓದಿಲ್ಲ.

ಏಳನೆಯದು: ಅನುವಾದ ಎಂಬುದನ್ನು ನೆನಪಿಡಿ

ಇಂಗ್ಲಿಷಿನ ‘ದ ಲಾಸ್ಟ್ ವಿಶ್’ ಮತ್ತು ‘ಬ್ಲಡ್ ಆಫ್ ಎಲ್ವ್ಸ್’ ದಾನುಸಿಯಾ ಸ್ಟೋಕ್ ಅವರ ಅನುವಾದ, ಉಳಿದವು ಡೇವಿಡ್ ಫ್ರೆಂಚ್ ಅವರದು. ಹೀಗಾಗಿ ಮೊದಲ ಪುಸ್ತಕದಿಂದ ಎರಡನೆಯದಕ್ಕೆ ಬಂದಾಗ ದನಿ ಕೊಂಚ ಬದಲಾದಂತೆ ಕೇಳಿಸುತ್ತದೆ, ಮೂರನೆಯದಕ್ಕೆ ಹೋದಾಗ ಮತ್ತೆ ಹಿಂದಕ್ಕೆ. ಇಪ್ಪತ್ತು ಪುಟದಲ್ಲಿ ಕಿವಿ ಹೊಂದಿಕೊಳ್ಳುತ್ತದೆ. ಗೆರಾಲ್ಟ್‌ನ ಹಾಡುಗಾರ ಗೆಳೆಯ ಮೂಲದಲ್ಲಿ ‘ಯಾಸ್ಕಿಯೆರ್’. ಅದು ಒಂದು ಹಳದಿ ಹೂವಿನ ಹೆಸರು. ಇಂಗ್ಲಿಷ್ ಪುಸ್ತಕದಲ್ಲಿ ಅವನು ಬೇರೆ ಹಳದಿ ಹೂವಾಗಿ ‘ಡ್ಯಾಂಡಿಲಯನ್’ ಆದ, ಟಿವಿ ಸರಣಿಯಲ್ಲಿ ಮತ್ತೆ ‘ಯಾಸ್ಕಿಯೆರ್’. ಇಬ್ಬರೂ ಒಬ್ಬನೇ. ಗೆರಾಲ್ಟ್‌ನ ಕುದುರೆ ‘ರೋಚ್’ ಎಂದರೆ ಜಿರಳೆ ಎಂದುಕೊಂಡವರಿದ್ದಾರೆ. ಅಲ್ಲ, ಅದೊಂದು ಸಿಹಿನೀರಿನ ಮೀನು. ಪೋಲಿಷ್ ಹೆಸರು ‘ಪ್ವೊತ್ಕಾ’ಕ್ಕೂ ಅದೇ ಅರ್ಥ.

ಇಂಗ್ಲಿಷ್ ಓದು ನಿಧಾನ ಎನ್ನುವವರು ಆಡಿಯೋಬುಕ್ ಜೊತೆಗಿಟ್ಟುಕೊಳ್ಳಬಹುದು. ಪೀಟರ್ ಕೆನ್ನಿ ಓದಿದ್ದಾರೆ. ಒಬ್ಬೊಬ್ಬ ಪಾತ್ರಕ್ಕೂ ಬೇರೆ ದನಿ, ಕುಳ್ಳರ ಬೈಗುಳಕ್ಕೂ ಅದರದೇ ಲಯ. ಪುಸ್ತಕ ಕೈಯಲ್ಲಿ ಹಿಡಿದು ಕೇಳಿದರೆ ಹೆಸರುಗಳ ತೊಡಕೂ ಕರಗುತ್ತದೆ.

ಕೊನೆಗೆ: ಉಳಿದ ಎರಡು ಪುಸ್ತಕ, ಟಿವಿ, ಗೇಮ್

‘ಸೀಸನ್ ಆಫ್ ಸ್ಟಾರ್ಮ್ಸ್’ 2013ರಲ್ಲಿ ಪೋಲಿಷ್‌ನಲ್ಲಿ ಬಂತು. ಅದರ ಘಟನೆಗಳು ಮೊದಲ ಸಂಕಲನದ ಕಾಲಕ್ಕೆ ಸೇರಿದವು. ಹಾಗೆಂದು ಅಲ್ಲಿ ತುರುಕಿ ಓದಬೇಡಿ. ಅದರ ಉಪಸಂಹಾರ, ಇಡೀ ಸರಣಿ ಮುಗಿಸಿದವರಿಗಾಗಿ ಬರೆದದ್ದು. ‘ಕ್ರಾಸ್‌ರೋಡ್ಸ್ ಆಫ್ ರೇವನ್ಸ್’ 2024ರದು, ಇಂಗ್ಲಿಷಿಗೆ 2025ರಲ್ಲಿ ಬಂತು. ಕೋಟೆ ಬಿಟ್ಟು ಆಗಷ್ಟೇ ದಾರಿಗಿಳಿದ ಹರೆಯದ ಗೆರಾಲ್ಟ್ ಅದರಲ್ಲಿದ್ದಾನೆ. ವಯಸ್ಸಾದ ಗೆರಾಲ್ಟ್‌ನನ್ನು ಬಲ್ಲವರಿಗೆ ಆ ಹುಡುಗನ ಹೆಜ್ಜೆಗಳು ಇನ್ನಷ್ಟು ಮುದ್ದು.

2019ರ ಡಿಸೆಂಬರಿನಲ್ಲಿ ಶುರುವಾದ ನೆಟ್‌ಫ್ಲಿಕ್ಸ್ ಸರಣಿಯ ಮೊದಲ ಸೀಸನ್ ಮೂವರ ಕಥೆಯನ್ನು ಮೂರು ಬೇರೆ ಕಾಲಗಳಲ್ಲಿ ಹೆಣೆದು ಹೇಳುತ್ತದೆ. ಎರಡು ಸಂಕಲನ ಮುಗಿಸಿ ನೋಡಿದರೆ ತಲೆಬುಡ ತಿಳಿಯುತ್ತದೆ.

ಗೇಮ್‌ಗಳು ಕಾದಂಬರಿಗಳು ಮುಗಿದ ನಂತರದ ಕಥೆಯನ್ನು ಕಟ್ಟಿಕೊಂಡಿವೆ, ಸಾಪ್ಕೋವ್ಸ್ಕಿ ಬರೆದದ್ದಲ್ಲ. 2015ರ ಮೂರನೆಯ ಗೇಮ್ ಆಡಬೇಕೆಂದು ಕೈ ತುರಿಸುತ್ತಿದ್ದರೂ ಪುಸ್ತಕ ಮುಗಿಯುವವರೆಗೆ ತಡೆದುಕೊಳ್ಳಿ. ಅದಕ್ಕೆ 2016ರಲ್ಲಿ ಸೇರಿಸಿದ ಭಾಗದಲ್ಲಿ ಟೂಸಾನ್ ಎಂಬ ದ್ರಾಕ್ಷಿ ತೋಟಗಳ ನಾಡು ಬರುತ್ತದೆ. ‘ದ ಲೇಡಿ ಆಫ್ ದ ಲೇಕ್’ನಲ್ಲಿ ಗೆರಾಲ್ಟ್ ಮತ್ತವನ ಜೊತೆಗಾರರು ಒಂದು ಚಳಿಗಾಲ ಅಲ್ಲೇ ಕಳೆದಿರುತ್ತಾರೆ. ಪುಸ್ತಕ ಓದದೆ ಆಡಿದವರಿಗೆ ಅದು ಬಣ್ಣಬಣ್ಣದ ಚೆಂದದ ಜಾಗ. ಓದಿ ಹೋದವರು ಆ ತೋಟಗಳ ನಡುವೆ ಕುದುರೆ ನಿಲ್ಲಿಸಿ, ಆ ಚಳಿಗಾಲದಲ್ಲಿ ಅಲ್ಲಿ ಯಾರು ಯಾರಿದ್ದರು ಎಂದು ಲೆಕ್ಕ ಹಾಕುತ್ತಾರೆ.